ಫೋಟೋ ನೋಡಿ ಊರು ಹೇಳುವವರು ಮತ್ತು ನಾವು



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಈಗ ಕುಂತಲ್ಲೇ ಕುಂತು ದೇಶ ಸುತ್ತುವವರು ಬಂದಿದ್ದಾರೆ. ಅವರ ವಿಡಿಯೋಗಳನ್ನು ನೀವೂ ಮನೆಯವರ ಫೋನಿನಲ್ಲಿ ನೋಡಿರುತ್ತೀರಿ. ಒಂದು ರಸ್ತೆಯ ಚಿತ್ರ ಬರುತ್ತದೆ. ಊರಿನ ಹೆಸರು ಎಲ್ಲೂ ಇರುವುದಿಲ್ಲ. ಬರೀ ಮಣ್ಣು, ಗಿಡ, ಕರೆಂಟ್ ಕಂಬ. ಕಣ್ಣು ಮುಚ್ಚಿ ತೆರೆಯೋದರೊಳಗೆ ಅವರು ದೇಶದ ಹೆಸರು ಹೇಳಿಬಿಡುತ್ತಾರೆ.

ನಮ್ಮ ಕ್ಲಾಸಿನಲ್ಲಿ ಇದರ ಬಗ್ಗೆ ಎರಡು ಪಾರ್ಟಿ ಆಗಿವೆ. ಒಂದು ಪಾರ್ಟಿಯವರು “ಅದೆಲ್ಲಾ ಮೋಸ, ಮೊದ್ಲೇ ನೋಡಿಕೊಂಡಿರ್ತಾರೆ” ಅಂತಾರೆ. ಇನ್ನೊಂದು ಪಾರ್ಟಿಯವರು “ಅದು ದೇವರು ಕೊಟ್ಟ ಬುದ್ಧಿ, ನಮಗೆಲ್ಲಿ ಬರ್ತೈತೆ” ಅಂತಾರೆ. ನನಗೆ ಎರಡೂ ಸರಿ ಅನಿಸುವುದಿಲ್ಲ. ಅದು ಕಣ್ಣಿಟ್ಟು ನೋಡುವ ಅಭ್ಯಾಸ. ಆ ಅಭ್ಯಾಸ ನಮಗೂ ಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಆಟದ ವಿಷಯ ತಿಳಿಸುತ್ತೇನೆ. ಇದರ ಹೆಸರು ಜಿಯೋಗೆಸ್ಸರ್. 2013ರಲ್ಲಿ ಸ್ವೀಡನ್ ದೇಶದ ಆಂಟನ್ ವಾಲೆನ್ ಎಂಬುವರು ಇದನ್ನು ಮಾಡಿದರು. ಗೂಗಲ್ ಕಂಪನಿಯವರು 2007ರಿಂದ ಕಾರಿನ ಮೇಲೆ ಕ್ಯಾಮೆರಾ ಕಟ್ಟಿಕೊಂಡು ರಸ್ತೆ ರಸ್ತೆ ತಿರುಗಿ ತೆಗೆದ ಚಿತ್ರಗಳಿವೆ. ಅದಕ್ಕೆ ಸ್ಟ್ರೀಟ್ ವ್ಯೂ ಅಂತಾರೆ. ಆ ಚಿತ್ರ ನೋಡಿ ಭೂಪಟದ ಮೇಲೆ ಜಾಗ ಗುರುತು ಮಾಡಬೇಕು. ಎಷ್ಟು ಹತ್ತಿರ ಗುರುತು ಮಾಡುತ್ತೇವೋ ಅಷ್ಟು ಅಂಕ. ಒಂದು ಚಿತ್ರಕ್ಕೆ ಹೆಚ್ಚೆಂದರೆ 5000, ಐದು ಚಿತ್ರಕ್ಕೆ 25000. ಇದಕ್ಕೆ ವಿಶ್ವಕಪ್ ಕೂಡ ಐತೆ! 2023ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದಾಗ ನೆದರ್ಲೆಂಡ್ಸ್‌ನ ಕಾನ್ಸಸ್ ಎಂಬ ಆಟಗಾರ ಗೆದ್ದ. 2024ರಲ್ಲಿ ಫ್ರಾನ್ಸಿನ ಬ್ಲಿಂಕಿ ಗೆದ್ದ. ಇವೆಲ್ಲಾ ಆಟಕ್ಕೆ ಇಟ್ಟುಕೊಂಡ ಹೆಸರುಗಳು. ವಿಡಿಯೋ ಮಾಡಿ ಎಲ್ಲರಿಗಿಂತ ಹೆಸರು ಮಾಡಿದವನು ಅಮೆರಿಕದ ಟ್ರೆವರ್ ರೇನ್‌ಬೋಲ್ಟ್. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಚಿತ್ರ ನೋಡಿ ದೇಶ ಹೇಳುತ್ತಾನೆ. ಆದರೂ ತನಗಿಂತ ಚೆನ್ನಾಗಿ ಆಡುವವರು ಇದ್ದಾರೆ ಎಂದು ಅವನೇ ಹೇಳುತ್ತಾನೆ. ಈ ಗುಣ ನನಗೆ ಹಿಡಿಸಿತು.

ಇವರು ಹೇಗೆ ಹೇಳುತ್ತಾರೆ? ಗಾಡಿ ರಸ್ತೆಯ ಎಡಗಡೆ ಹೋಗುತ್ತದೋ ಬಲಗಡೆಯೋ ಎಂದು ನೋಡುತ್ತಾರೆ. ಬೋರ್ಡಿನ ಅಕ್ಷರ, ಕಂಬದ ಆಕಾರ, ರಸ್ತೆಯ ಪಟ್ಟೆ, ಮಣ್ಣಿನ ಬಣ್ಣ ನೋಡುತ್ತಾರೆ. ಚಿತ್ರ ತೆಗೆದ ಕಾರನ್ನೂ ಬಿಡುವುದಿಲ್ಲ. ಮಂಗೋಲಿಯಾದಲ್ಲಿ ಕಾರಿನ ಮೇಲೆ ಟೆಂಟಿನ ಸಾಮಾನು ಕಾಣುತ್ತದಂತೆ. ಸೂರ್ಯ ಉತ್ತರದ ಕಡೆ ಇದ್ದರೆ ಅದು ದಕ್ಷಿಣ ಗೋಳಾರ್ಧ ಎಂದು ಲೆಕ್ಕ ಹಾಕುತ್ತಾರೆ. ಇಲ್ಲಿ ಒಂದು ಮಜಾ ಐತೆ. ನಮ್ಮ ಊರುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಅದಕ್ಕೇ ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಮಧ್ಯಾಹ್ನ ಸೂರ್ಯ ನಮ್ಮ ತಲೆಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಶಾಲೆ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ, ಜೂನ್ ತಿಂಗಳಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ಲೆಕ್ಕವನ್ನೇ ನಂಬಿದವನು ನಮ್ಮೂರಿಗೆ ಬಂದರೆ ಮೋಸ ಹೋಗುತ್ತಾನೆ! ಕೋಲಿಗೆ ದುಡ್ಡು ಬೇಡ, ಫೋನೂ ಬೇಡ.

ಬಹಳ ವರ್ಷ ನಮ್ಮ ದೇಶದ ರಸ್ತೆಗಳು ಈ ಚಿತ್ರಗಳಲ್ಲಿ ಸರಿಯಾಗಿ ಇರಲೇ ಇಲ್ಲ. 2011ರಲ್ಲಿ ಗೂಗಲ್‌ನವರು ಬೆಂಗಳೂರಿನಲ್ಲಿ ಶುರು ಮಾಡಿದರು. ಪೊಲೀಸರು ನಿಲ್ಲಿಸಿದರು. ಕೊನೆಗೆ 2022ರಲ್ಲಿ ಬೆಂಗಳೂರು ಸೇರಿ ಹತ್ತು ನಗರಗಳಲ್ಲಿ ಬಂತು. ಅವರ ಕ್ಯಾಮೆರಾ ನಮ್ಮ ಓಣಿಗೆ ಬರಲಿ ಬಿಡಲಿ, ನಮ್ಮ ಊರುಗಳನ್ನು ನಾವೇ ಮೊದಲು ನೋಡಬೇಕಲ್ಲವೇ?

ನಮ್ಮ ಸುತ್ತಿನ ಐದು ತಾಲೂಕುಗಳನ್ನೇ ತಗೊಳ್ಳಿ. ಬೋಳು ಬಂಡೆಗುಡ್ಡ, ಹುಣಸೆ ಮರ, ಕರಡಿ ಭಯ ಇದ್ದರೆ ಅದು ಕೂಡ್ಲಿಗಿ ಕಡೆ, ಗುಡೇಕೋಟೆ ಹತ್ತಿರ. ದೊಡ್ಡ ತೇರು, ಗುರು ಬಸವೇಶ್ವರ ಸ್ವಾಮಿ ಗುಡಿ ಕಂಡರೆ ಕೊಟ್ಟೂರು. ಕೆರೆ ನೀರೊಳಗೆ ನಿಂತ ಜಾಲಿ ಮರಗಳ ತುಂಬ ಕೊಕ್ಕರೆ ಗೂಡು ಇದ್ದರೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತೇ ಅದನ್ನು ಗುರುತಿಸಿತು, ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಮಲ್ಲಿಗೆ ತೋಟ, ತುಂಗಭದ್ರೆ ದಂಡೆ ಕಂಡರೆ ಹಡಗಲಿ. ಗುಡ್ಡದ ಮೇಲೆ ಕೋಟೆ, ಅಲ್ಲಿಗೆ ಹತ್ತುವ ಭಕ್ತರು ಕಂಡರೆ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗ.

ಗಾಡಿ ನಂಬರ್ ನೋಡಿ ಹೇಳುತ್ತೇನೆ ಅಂದರೆ ಹರಪನಹಳ್ಳಿಯಲ್ಲಿ ಕಷ್ಟ. ಅಲ್ಲಿ ಹೊಸಪೇಟೆಯ ಕೆಎ 35 ಇರುತ್ತದೆ, ದಾವಣಗೆರೆಯ ಕೆಎ 17 ಕೂಡ ಇರುತ್ತದೆ. ಯಾಕೆಂದರೆ ಆ ತಾಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು. ಆಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ನಮ್ಮೆಲ್ಲರ ಜೊತೆ ಇಲ್ಲಿಗೆ ಸೇರಿತು. ಹಳೇ ಬೋರ್ಡಿನ ಮೇಲೆ ಯಾವ ಜಿಲ್ಲೆ ಬರೆದಿದೆ ಎಂದು ನೋಡಿದರೆ ಆ ಬೋರ್ಡು ಯಾವ ಕಾಲದ್ದು ಅಂತಲೂ ಹೇಳಬಹುದು. ಭೂಗೋಳ ನೋಡಲು ಹೋದರೆ ಇತಿಹಾಸವೂ ಸಿಗುತ್ತದೆ.

ಇದರಿಂದ ಏನು ಉಪಯೋಗ ಅಂತ ಕೇಳಬಹುದು. ನಮ್ಮ ಮನೆಯ ವಿಷಯವನ್ನೇ ಹೇಳುತ್ತೇನೆ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಜನ ಗುಳೆ ಹೋಗುತ್ತಾರೆ, ಅದು ನಿಮಗೆಲ್ಲಾ ಗೊತ್ತೇ ಇದೆ. ದೀಪಾವಳಿ ಆದ ಮೇಲೆ ಅಪ್ಪ ಅವ್ವ ಕಾಫಿ ತೋಟಕ್ಕೆ ಹೋದರು. ನಾನು, ತಮ್ಮ, ಅಜ್ಜಿ ಮನೆಯಲ್ಲಿ ಉಳಿದೆವು. ಫೋನಿನಲ್ಲಿ ಯಾವ ಊರು ಅಂತ ಕೇಳಿದರೆ ಅಪ್ಪ “ಮೇಸ್ತ್ರಿ ರಾತ್ರಿ ಟೆಂಪೋದಾಗ ಕರ್ಕಂಡು ಬಂದಾನವ್ವ, ಎಸ್ಟೇಟು ಅಂತಾರ” ಅಂದ. ಅಜ್ಜಿಗೆ ಅದೇ ಚಿಂತೆ. ಒಂದು ದಿನ ಅಪ್ಪ ಫೋಟೋ ಕಳಿಸಿದ. ಹಿಂದೆ ಕಾಫಿ ಗಿಡ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ಬೈಕಿನ ಮೇಲೆ ಕೆಎ 18. ಅಂಗಡಿ ಬೋರ್ಡು ಅರ್ಧ ಕಟ್ ಆಗಿ ‘ಗೆರೆ’ ಅಂತ ಎರಡೇ ಅಕ್ಷರ. ಕೆಎ 18 ಅಂದರೆ ಚಿಕ್ಕಮಗಳೂರು. ದಾವಣಗೆರೆಯಲ್ಲೂ ‘ಗೆರೆ’ ಐತೆ, ಆದರೆ ಅಲ್ಲಿ ಕಾಫಿ ಬೆಳೆಯಲ್ಲ. ಹಾಗಾದರೆ ಮೂಡಿಗೆರೆ ಇರಬೇಕು ಅಂದುಕೊಂಡೆ. ಅಪ್ಪ ಆ ಅಂಗಡಿಯವರನ್ನು ಕೇಳಿ, ಹೌದು ಮೂಡಿಗೆರೆ ಹತ್ತಿರ ಅಂದ. ಅಜ್ಜಿಗೆ ಭೂಪಟದಲ್ಲಿ ತೋರಿಸಿದೆ. “ಇಷ್ಟೇ ಏನೇ? ಹೋಗಿ ಬರೋವಂಗ ಐತೆ” ಅಂದಳು. ಏನಾದರೂ ಆದರೆ ಎಲ್ಲಿಗೆ ಹೋಗಬೇಕು ಎಂಬುದಾದರೂ ನಮಗೆ ಗೊತ್ತಾಯಿತು. ರೇನ್‌ಬೋಲ್ಟ್ ಕೂಡ, ಜನ ತಮ್ಮ ತೀರಿಹೋದವರ ಹಳೇ ಫೋಟೋ ಕಳಿಸಿದರೆ ಅದು ಎಲ್ಲಿ ತೆಗೆದದ್ದು ಎಂದು ಹುಡುಕಿಕೊಟ್ಟಿದ್ದಾನೆ. ಆಟಕ್ಕಿಂತ ಇದೇ ದೊಡ್ಡದು ಎಂದು ನನಗೆ ಅನಿಸುತ್ತದೆ.

ಇದರಲ್ಲಿ ಕೆಟ್ಟದ್ದೂ ಇದೆ, ಅದನ್ನು ಮುಚ್ಚಿಡಬಾರದು. ಒಳ್ಳೆಯವರು ಗುರುತು ಹಿಡಿಯುವ ಹಾಗೆ ಕೆಟ್ಟವರೂ ಹಿಡಿಯುತ್ತಾರೆ. ಮನೆ ಮುಂದೆ, ಶಾಲೆ ಬೋರ್ಡಿನ ಮುಂದೆ ನಿಂತ ಫೋಟೋವನ್ನು ಸ್ಟೇಟಸ್‌ಗೆ ಹಾಕುವ ಮುಂಚೆ, ವಿಶೇಷವಾಗಿ ಹೆಣ್ಣುಮಕ್ಕಳು, ಹಿಂದೆ ಏನೇನು ಕಾಣುತ್ತದೆ ಎಂದು ನೋಡಿಕೊಳ್ಳಬೇಕು. ಇನ್ನು ಈ ಆಟ ಪೂರ್ತಿ ಆಡಲು ದುಡ್ಡು ಕಟ್ಟಬೇಕು. ಮನೆಗೆ ಇರೋದು ಒಂದೇ ಫೋನು. ದಿನಾ ವಿಡಿಯೋ ನೋಡುತ್ತಾ ಕೂಡಿರಿ ಎಂದು ನಾನು ಹೇಳುತ್ತಿಲ್ಲ. ಬೇರೆಯವರು ಊರು ಹೇಳುವುದನ್ನು ನೂರು ಸಲ ನೋಡಿದರೂ ನಮಗೆ ಬರುವುದಿಲ್ಲ. ನಾವೇ ನೋಡಿ, ನಾವೇ ಹೇಳಬೇಕು.

ಕೆಲವರು “ಕಂಪ್ಯೂಟರೇ ಈಗ ಊರು ಹೇಳ್ತೈತೆ, ನಾವ್ಯಾಕೆ ಕಲೀಬೇಕು” ಅಂತಾರೆ. ನಿಜ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ ಪಿಜನ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ರೇನ್‌ಬೋಲ್ಟ್‌ನನ್ನೇ ಸೋಲಿಸಿತು. ಆದರೆ ಕ್ಯಾಲ್ಕುಲೇಟರ್ ಬಂತು ಅಂತ ನಮ್ಮ ಗುರುಗಳು ಮಗ್ಗಿ ಬಿಡಿಸಿದರಾ? ಇಲ್ಲ.

ಆದ್ದರಿಂದ ನನ್ನದು ಮೂರು ಕೋರಿಕೆ. ಒಂದು, ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ಸಲ ‘ಯಾವ ಊರು ಹೇಳಿ?’ ಎಂಬ ಅಂಕಣ ಇರಲಿ. ಒಬ್ಬರು ಹೆಸರು ಹೇಳದೆ ಒಂದು ಊರಿನ ಐದು ಗುರುತು ಬರೆಯಬೇಕು, ಉಳಿದವರು ಹೇಳಬೇಕು. ಎರಡು, ಸಮಾಜ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಗುರುಗಳು ಒಂದು ಚಿತ್ರ ಕೊಟ್ಟು ‘ಇದು ಎಲ್ಲಿಯದು, ಕಾರಣ ಕೊಡಿ’ ಎಂಬ ಪ್ರಶ್ನೆ ಕೇಳಲಿ. ಕಾರಣಕ್ಕೆ ಅಂಕ ಕೊಡಲಿ, ಬರೀ ಉತ್ತರಕ್ಕಲ್ಲ.

ಮೂರನೆಯದು ಮುಖ್ಯ. ತಂದೆತಾಯಿ ಜೊತೆ ಗುಳೆ ಹೋಗಿ ಬಂದ ನಮ್ಮ ಗೆಳೆಯರನ್ನು “ಪಾಠ ತಪ್ಪಿಸಿಕೊಂಡವರು” ಎಂದು ಹಿಂದಿನ ಸಾಲಿಗೆ ಕೂರಿಸುವುದು ಬೇಡ. ಅವರು ನಾವು ನೋಡದ ಮಣ್ಣು, ಮಳೆ, ಬೆಳೆ ನೋಡಿ ಬಂದಿದ್ದಾರೆ. ಒಂದು ದಿನ ಭೂಪಟದ ಮುಂದೆ ಅವರನ್ನು ನಿಲ್ಲಿಸಿ, ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ ಎಂದು ಕೇಳೋಣ. ದೇಶ ಸುತ್ತಿದವರು ಅವರು. ಕೋಶ ಓದಿದವರು ನಾವು. ಇಬ್ಬರೂ ಕೂಡಿದರೆ ಭೂಗೋಳ ಚೆನ್ನಾಗಿ ಬರುತ್ತದೆ.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ