ಹೊಸ ಗಂಡು ಅಂದ್ರೆ ಹೊಸ ಸೋಫಾ ಅಲ್ಲ

ತುಬಚಿ ಕಡೆ ಕುರಿ ಸಾಕೋರು ಹಿಂಡಿಗೆ ಹೊಸ ಟಗರು ತರೋ ಮುಂದ ಹತ್ತು ಸಲ ಯೋಚಿಸ್ತಾರೆ. ಎರಡು ಟಗರು ಡಿಕ್ಕಿ ಹೊಡೆದಾಡಿದರೆ ತಲೆ ಒಡೆಯುತ್ತೆ, ತಂದೆ-ಮಗಳು ಕೂಡಿದರೆ ತಳಿ ಕೆಡುತ್ತೆ. ಇದನ್ನ ಅವರಿಗೆ ಯಾರೂ ಸ್ಲೈಡ್ ಹಾಕಿ ಹೇಳಬೇಕಿಲ್ಲ. ಬೆಂಗಳೂರಿನ ಫ್ಲ್ಯಾಟಿನ ಮಂದಿ ಮಾತ್ರ ಶನಿವಾರ ಗಂಡು ಗಿನಿಪಿಗ್ ತಂದು ಸೀದಾ ಹೆಣ್ಣುಗಳ ಪಂಜರಕ್ಕೆ ಇಳಿಸ್ತಾರೆ. 'ಪಾಪ, ಕಂಪನಿ ಬೇಕಲ್ವಾ?'

ಬೇಕು ರೀ, ಅದು ಗುಂಪಿನ ಪ್ರಾಣಿನೇ. ಆದರೆ ಬೀಜ ಒಡೆಸದ ಗಂಡಿನ ಜತೆ ಬಿಟ್ಟ ಹೆಣ್ಣು ಗಬ್ಬವಾಗಿ ಸುಮಾರು 60-70 ದಿನಕ್ಕೆ ಮರಿ ಹಾಕುತ್ತೆ. ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಗಬ್ಬವಾಗಬಲ್ಲದು. ಏಳೆಂಟು ತಿಂಗಳು ದಾಟಿದ ಮೇಲೆ ಮೊದಲ ಸಲ ಗಬ್ಬವಾದರಂತೂ ಸೊಂಟದ ಮೂಳೆ ಸಡಿಲಾಗದೆ ಹೆರಿಗೆಯಲ್ಲೇ ಸಾಯಬಹುದು. ಇದಕ್ಕೂ 'ಕ್ಯೂಟ್' ಅಂತೀರಾ?

ಮೊದಲು ಎರಡು ವಾರ ಬೇರೆ ಕೋಣೆ. ಗಂಡಿಗೆ ಆಪರೇಷನ್, ಆಮೇಲೂ ಸುಮಾರು ಆರು ವಾರ ದೂರ. ಇಷ್ಟಕ್ಕೆ ಪುರುಸೊತ್ತಿಲ್ಲದವರು ತರೋದಾದ್ರೂ ಯಾಕೆ? ನಂತರ ಯಾರದೂ ಅಲ್ಲದ ಜಾಗದಲ್ಲಿ ಹುಲ್ಲು ಹರಡಿ ಭೇಟಿ ಮಾಡಿಸಿ. ಗುರುಗುಟ್ಟಿ ಸೊಂಟ ಕುಣಿಸಿದರೆ ಬಿಟ್ಟುಬಿಡಿ. ರಕ್ತ ಬಂದರೆ ಬೇರ್ಪಡಿಸಿ, ಬರಿಗೈ ಹಾಕಬೇಡಿ. ಹೆಣ್ಣುಗಳ ಜತೆ ಈಗಾಗಲೇ ಒಂದು ಗಂಡಿದ್ದರೆ ಇನ್ನೊಂದನ್ನ ತರಲೇಬೇಡಿ.