ದೀಪದಡಿಯ ಬೇಟೆಗೂ ಮೇರೆ ಬೇಕು

ಫ್ಲೋರಿಡಾದ ಪಶ್ಚಿಮ ತೀರದ ಸರಸೋಟ ಕೊಲ್ಲಿಯಲ್ಲಿ, ದಡದ ಮನೆಗಳವರು ನೀರಿನೊಳಕ್ಕೆ ಚಾಚಿ ಕಟ್ಟಿಕೊಂಡ ಮರದ ಅಟ್ಟಗಳ ಮೇಲೆ ಇರುಳಿಡೀ ಉರಿಯುವ ದೀಪಗಳಡಿಗೆ ಉಬ್ಬರವಿಳಿತದ ಸೆಳವು ಸೀಗಡಿಗಳನ್ನೂ ಕಿರುಮೀನುಗಳನ್ನೂ ಹೊತ್ತು ತರುತ್ತಿರಲು, ಸ್ನೂಕ್ ಎಂಬ ಬಲಿಷ್ಠ ಮೀನು ಬೆಳಕಿನ ಅಂಚಿನಾಚೆ, ನೆರಳಿನಲ್ಲಿ, ಪ್ರವಾಹಕ್ಕೆ ಮುಖವೊಡ್ಡಿ ಕಾದಿರುತ್ತದೆ. ಅದನ್ನು ಫ್ಲೈ ಗಾಳದಿಂದ ಹಿಡಿಯಹೊರಟವನು, ಗರಿ ಕೂದಲುಗಳನ್ನು ಕೊಕ್ಕೆಗೆ ಬಿಗಿದು ಮಾಡಿದ ಬೆರಳುದ್ದದ ಬಿಳಿಯ ಕೃತಕ ಮರಿಮೀನನ್ನು, ಸೀಸದ ಗುಂಡಿನ ನೆರವಿಲ್ಲದೆ ದಾರದ ತೂಕದಿಂದಲೇ ಬೀಸಿ, ಸೆಳವಿನ ಮೇಲ್ಗಡೆ ಇಳಿಸಿ, ಅದು ತಾನಾಗಿ ತೇಲುತ್ತ ಬೆಳಕನ್ನು ಹೊಗುವಂತೆ ಬಿಡಬೇಕು. ಕಚ್ಚಿದ ಮೀನು ಕಂಬಗಳ ನಡುವೆ ನುಗ್ಗಿತೆಂದರೆ, ಅಲ್ಲಿ ಅಂಟಿದ ಚಿಪ್ಪುಗಳಿಗೆ ಉಜ್ಜಿ ದಾರ ಕಡಿಯುತ್ತದೆ. ಅದರ ಕಿವಿರಿನ ಮುಚ್ಚಳದ ಅಂಚೂ ಕತ್ತಿಯ ಅಲಗಿನಷ್ಟೇ ಹರಿತವಾದುದು.

ಇದನ್ನು ಉಳ್ಳವರ ವಿಲಾಸವೆಂದು ತಳ್ಳಿಹಾಕುವವರುಂಟು. ಆದರೆ ಈ ಬೇಟೆಗೆ ಆ ನಾಡು ಹಾಕಿಕೊಂಡಿರುವ ಕಟ್ಟುಪಾಡುಗಳನ್ನು ಗಮನಿಸಿದಾಗ ನನ್ನಲ್ಲಿ ಗೌರವವೇ ಹುಟ್ಟುತ್ತದೆ. ಸ್ನೂಕನ್ನು ಮಾರುವುದು ಅಲ್ಲಿ 1957ರಿಂದಲೂ ನಿಷಿದ್ಧ. ಋತುವಿದ್ದಾಗ ಒಬ್ಬನು ದಿನಕ್ಕೆ ಒಂದೇ ಮೀನನ್ನು, ಅದೂ ಪಶ್ಚಿಮ ತೀರದಲ್ಲಿ 28ರಿಂದ 33 ಅಂಗುಲದೊಳಗಿನದನ್ನು ಮಾತ್ರ, ಮನೆಗೊಯ್ಯಬಹುದು. ಈ ಮೇಲ್ಮಿತಿಯಲ್ಲಿ ದೊಡ್ಡ ವಿವೇಕವಿದೆ: ಸ್ನೂಕ್ ಮೊದಲು ಗಂಡಾಗಿ ಬೆಳೆದು ಮುಂದೆ ಹೆಣ್ಣಾಗುವ ಜಾತಿಯಾದುದರಿಂದ, ಬಹುದೊಡ್ಡ ಮೀನುಗಳನ್ನು ಬಿಟ್ಟುಬಿಡುವುದೆಂದರೆ ಸಂತತಿಯ ತಾಯಂದಿರನ್ನು ಉಳಿಸುವುದು. 2010ರ ಜನವರಿಯ ಕಡುಚಳಿಗೆ ಈ ಮೀನುಗಳು ಅಪಾರವಾಗಿ ಸತ್ತಾಗ, ಪಶ್ಚಿಮ ತೀರದವರು 2013ರವರೆಗೂ ಒಂದನ್ನೂ ಒಯ್ಯದೆ, ಹಿಡಿದುದನ್ನು ನೀರಿಗೇ ಮರಳಿಸಿದರು.

ಬೆಳಕಿನ ಆಕರ್ಷಣೆ ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಅದೇ. ಸೂಕ್ಷ್ಮಜೀವಿಗಳು ದೀಪದಡಿ ನೆರೆಯುತ್ತವೆ, ಅವನ್ನರಸಿ ಸಣ್ಣ ಮೀನು, ಸಣ್ಣದನ್ನರಸಿ ದೊಡ್ಡದು. ಇಲ್ಲಿ ಆ ದೀಪಗಳು ಜನರೇಟರಿನ ಬಲದಿಂದ ಉರಿಯುವ ಪ್ರಖರವಾದ ಎಲ್‌ಇಡಿಗಳು. ಅವುಗಳ ಸುತ್ತ ಬೀಸುವುದು ಬಂಗುಡೆ, ಬೂತಾಯಿ, ಇನ್ನೂ ಮೊಟ್ಟೆಯಿಡದ ಮರಿಗಳು ಎಲ್ಲವನ್ನೂ ಒಟ್ಟಿಗೆ ಬಳಿದೆತ್ತುವ ಪರ್ಸೀನ್ ಬಲೆ. ಕೇಂದ್ರ ಸರ್ಕಾರವು 2017ರ ನವೆಂಬರಿನಲ್ಲಿಯೇ ಈ ದೀಪದ ಮೀನುಗಾರಿಕೆಯನ್ನು ನಿಷೇಧಿಸಿತು. ಆ ಬಳಿಕವೂ ನಾಡದೋಣಿಯ ಮೀನುಗಾರರು ಇದರ ವಿರುದ್ಧ ದನಿಯೆತ್ತುತ್ತಲೇ ಬರಬೇಕಾದುದು ಅತ್ಯಂತ ಖೇದಕರ. ಕರಾವಳಿಯವರು ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳನ್ನು ದಡದಲ್ಲಿರಿಸಿ, ಆದಾಯವನ್ನು ಬಿಟ್ಟು ಬೆಳೆಯಗೊಟ್ಟ ಮೀನನ್ನು ಅನಂತರದ ಕೆಲವೇ ಇರುಳುಗಳಲ್ಲಿ ದೀಪವಿರಿಸಿ ಬಾಚುವುದಾದರೆ ಆ ವ್ರತಕ್ಕೆ ಅರ್ಥವೇನುಳಿಯಿತು?

ಇಂಥ ದೋಣಿಗಳನ್ನು ನಡುಗಡಲಿನಲ್ಲಿ ಬೆನ್ನಟ್ಟುವುದು ಕಷ್ಟವೆಂಬ ಸಮಾಧಾನವನ್ನು ನಾನು ಒಪ್ಪಲಾರೆ. ದೀಪಗಳ ಸಾಲನ್ನೂ ಜನರೇಟರನ್ನೂ ಹೊತ್ತ ದೋಣಿ ಕಡಲಿಗಿಳಿಯುವ ಮುನ್ನ ಮಲ್ಪೆಯಲ್ಲಿಯೋ ಮಂಗಳೂರಿನಲ್ಲಿಯೋ ಕಾರವಾರದಲ್ಲಿಯೋ ಎಲ್ಲರ ಕಣ್ಣೆದುರೇ ನಿಂತಿರುತ್ತದೆ. ಪರಿಶೀಲನೆ ಆ ಬಂದರಿನಲ್ಲಿಯೇ ನಡೆದು, ಅಂಥ ಸಲಕರಣೆ ಅಲ್ಲಿಯೇ ಇಳಿಯಬೇಕು.