ಗಡಿ ದಾಟಿದರೆ ಮದುವೆ ಬದಲಾಗುವುದೇ? ಸಲಿಂಗ ವಿವಾಹದ ಕಾನೂನುಗಳು ಮತ್ತು ಕಲ್ಯಾಣದ ನೆನಪು



ಹುಮನಾಬಾದಿನಿಂದ ಪುಣೆ–ಹೈದರಾಬಾದ್ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಜಹೀರಾಬಾದ್, ಅದು ತೆಲಂಗಾಣ. ಪಶ್ಚಿಮಕ್ಕೆ ಹೊರಟು ಬಸವಕಲ್ಯಾಣ ತಾಲ್ಲೂಕನ್ನು ದಾಟಿದರೆ ಉಮರ್ಗಾ, ಅದು ಮಹಾರಾಷ್ಟ್ರ. ಒಂದೇ ದಿನದಲ್ಲಿ ಮೂರು ರಾಜ್ಯಗಳ ನೀರು ಕುಡಿದು ಮನೆಗೆ ಮರಳುವ ಜನ ನಾವು. ಗಡಿ ದಾಟಿದೊಡನೆ ಫಲಕಗಳ ಲಿಪಿ ಬದಲಾಗುತ್ತದೆ, ಬಸ್ಸಿನ ಬಣ್ಣ ಬದಲಾಗುತ್ತದೆ, ಶಾಲೆಯ ಪಾಠದ ಭಾಷೆ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಮದುವೆಯೊಂದೇ. ನೋಂದಣಿಗೆ ಕರ್ನಾಟಕದಲ್ಲಿ 1976ರ ಕಾಯ್ದೆ, ಮಹಾರಾಷ್ಟ್ರದಲ್ಲಿ 1998ರದು, ತೆಲಂಗಾಣದಲ್ಲಿ ಆಂಧ್ರ ಕಾಲದ 2002ರದು ಎಂಬ ವ್ಯತ್ಯಾಸವುಂಟು. ಆದರೂ ಬಸವಕಲ್ಯಾಣದಲ್ಲಿ ಸತಿಪತಿಗಳಾದವರು ಉಮರ್ಗಾದಲ್ಲಿಯೂ ಸತಿಪತಿಗಳೇ. ಇದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಬೇರೆಯಾಗಿರಲು ಸಾಧ್ಯವೆಂಬುದೇ ನಮಗೆ ತೋಚುವುದಿಲ್ಲ.

ಜಗತ್ತಿನಲ್ಲಿ ಬೇರೆಯಾಗಿರುವ ಮದುವೆಯೊಂದಿದೆ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ವಿವಾಹ ಒಂದು ದೇಶದಲ್ಲಿ ಕಾನೂನುಬದ್ಧ, ಮತ್ತೊಂದರಲ್ಲಿ ಅಸಿಂಧು, ಮಗದೊಂದರಲ್ಲಿ ಆ ಸಂಬಂಧವೇ ಸೆರೆವಾಸಕ್ಕೆ ಕಾರಣ. ನಮ್ಮ ಭಾಗದ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಹೈದರಾಬಾದ್, ಪುಣೆ, ಬೆಂಗಳೂರುಗಳಿಗೂ ಅಲ್ಲಿಂದ ಅಮೆರಿಕ, ಯುರೋಪುಗಳಿಗೂ ಹೋಗುತ್ತಿರುವ ಈ ಕಾಲದಲ್ಲಿ, ಇದು ನಮಗೆ ಸಂಬಂಧಿಸದ ವಿಷಯವೆಂದು ಸುಮ್ಮನಿರುವುದು ತರವಲ್ಲ. 'ಸಲಿಂಗ' ಎಂಬ ಪದದಲ್ಲಿರುವ ಲಿಂಗ ಶಬ್ದವು ಹೆಣ್ಣು–ಗಂಡೆಂಬ ಗುರುತನ್ನಷ್ಟೇ ಸೂಚಿಸುವುದು. ನಾವು ಕರಸ್ಥಲದಲ್ಲಿ ಪೂಜಿಸುವ ಇಷ್ಟಲಿಂಗಕ್ಕೂ ಆ ಪದಕ್ಕೂ ನಂಟಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡುತ್ತೇವೆ.

ಈ ಕುರಿತ ಚರ್ಚೆಗಳಲ್ಲಿ ಮೂರು ಬೇರೆಬೇರೆ ಪ್ರಶ್ನೆಗಳು ಕಲಸಿಹೋಗುತ್ತಿವೆ. ಇಂಥ ಸಂಬಂಧ ಅಪರಾಧವೇ? ಅದಕ್ಕೆ ಸರ್ಕಾರವು ವಿವಾಹವೆಂಬ ಮಾನ್ಯತೆ ಕೊಡಬೇಕೇ? ಧರ್ಮಸಂಸ್ಥೆಗಳು ಅದನ್ನು ನೆರವೇರಿಸಬೇಕೇ? ಒಂದೊಂದು ದೇಶವೂ ಈ ಮೂರಕ್ಕೆ ಒಂದೊಂದು ಬಗೆಯ ಉತ್ತರ ಕೊಟ್ಟಿದೆ.

ಜಗತ್ತಿನ ಚಿತ್ರ

ಸಲಿಂಗ ವಿವಾಹಕ್ಕೆ ಮೊದಲು ಕಾನೂನಿನ ಬಾಗಿಲು ತೆರೆದ ದೇಶ ನೆದರ್ಲೆಂಡ್ಸ್. 2001ರ ಏಪ್ರಿಲ್ 1ರಿಂದ. ಇಂದು ಮೂವತ್ತೈದಕ್ಕೂ ಹೆಚ್ಚು ದೇಶಗಳು ಆ ದಾರಿಯಲ್ಲಿವೆ. ಆಫ್ರಿಕಾ ಖಂಡದಲ್ಲಿ ದಕ್ಷಿಣ ಆಫ್ರಿಕಾ 2006ರಲ್ಲಿ ಈ ಕಾನೂನು ಮಾಡಿದರೆ, ಅದೇ ಖಂಡದ ಉಗಾಂಡ 2023ರಲ್ಲಿ ಅತಿ ಕಠೋರ ಶಿಕ್ಷೆಯ ಕಾಯ್ದೆಯನ್ನು ತಂದಿತು. ಏಷ್ಯಾದಲ್ಲಿ ತೈವಾನ್ 2019ರ ಮೇ 24ರಿಂದಲೂ, ಥಾಯ್ಲೆಂಡ್ 2025ರ ಜನವರಿ 23ರಿಂದಲೂ ಇಂಥ ವಿವಾಹಗಳನ್ನು ನೋಂದಾಯಿಸುತ್ತಿವೆ. ನೆರೆಯ ನೇಪಾಳದಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಬಲದಿಂದ 2023ರ ನವೆಂಬರಿನಲ್ಲಿ ಮೊದಲ ನೋಂದಣಿಯಾಯಿತು. ಸಿಂಗಪುರವು ಬ್ರಿಟಿಷರು ಬಿಟ್ಟುಹೋದ ಶಿಕ್ಷಾ ಕಲಮನ್ನು ತೆಗೆದುಹಾಕಿತು. ಜೊತೆಗೆ, ವಿವಾಹವೆಂದರೆ ಗಂಡು–ಹೆಣ್ಣಿನದು ಎಂಬ ವ್ಯಾಖ್ಯೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗದಂತೆ ಸಂವಿಧಾನವನ್ನೂ ತಿದ್ದಿಕೊಂಡಿತು. ಅಪರಾಧವಲ್ಲ, ಆದರೆ ವಿವಾಹವೂ ಅಲ್ಲ ಎಂಬುದು ಅದರ ನಿಲುವು. ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಬ್ರಿಟಿಷ್ ಕಾಲದ ಆ ಕಲಮು ಇನ್ನೂ ಉಳಿದಿದೆ.

ಒಂದೇ ದೇಶದೊಳಗೂ ಗಡಿಗಳು ಎದ್ದದ್ದುಂಟು. ಇಂಗ್ಲೆಂಡಿನಲ್ಲಿ 2014ರಲ್ಲೇ ಸಿಕ್ಕ ಹಕ್ಕು ಉತ್ತರ ಐರ್ಲೆಂಡಿಗೆ ಬಂದದ್ದು 2020ರಲ್ಲಿ. ಅಮೆರಿಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ 2004ರಲ್ಲಿ ಒಪ್ಪಿದ್ದನ್ನು ಹಲವು ರಾಜ್ಯಗಳು ಹನ್ನೊಂದು ವರ್ಷ ಒಪ್ಪಲಿಲ್ಲ. ಒಹಾಯೊ ರಾಜ್ಯದ ಜಿಮ್ ಓಬರ್ಗಫೆಲ್ ಎಂಬವರ ಸಂಗಾತಿ ಮರಣಶಯ್ಯೆಯಲ್ಲಿದ್ದರು. ತಮ್ಮ ರಾಜ್ಯದಲ್ಲಿ ಮದುವೆಗೆ ಅವಕಾಶವಿರಲಿಲ್ಲವಾಗಿ ಇಬ್ಬರೂ 2013ರಲ್ಲಿ ವೈದ್ಯಕೀಯ ವಿಮಾನವೊಂದರಲ್ಲಿ ಮೇರಿಲ್ಯಾಂಡಿಗೆ ಹೋಗಿ, ವಿಮಾನ ನಿಂತ ಸ್ಥಳದಲ್ಲೇ ಅದರೊಳಗೆ ಮದುವೆಯಾಗಿ ಊರಿಗೆ ಮರಳಿದರು. ಸಂಗಾತಿ ತೀರಿಕೊಂಡಾಗ ಮರಣ ಪ್ರಮಾಣಪತ್ರದಲ್ಲಿ ಪತಿಯೆಂದು ತನ್ನ ಹೆಸರಿರಲಿ ಎಂಬುದೊಂದೇ ಅವರ ಬೇಡಿಕೆ. ಒಹಾಯೊ ರಾಜ್ಯ ಅದಕ್ಕೆ ಒಪ್ಪಲಿಲ್ಲ. ಆ ಮೊಕದ್ದಮೆಯೇ ಬೆಳೆದು 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟು ದೇಶವಿಡೀ ಇಂಥ ವಿವಾಹವನ್ನು ಮಾನ್ಯಗೊಳಿಸಿತು. ಬಸವಕಲ್ಯಾಣದ ಮದುವೆ ಉಮರ್ಗಾದಲ್ಲಿ ಮದುವೆಯಲ್ಲವೆಂದರೆ ಏನಾಗುತ್ತಿತ್ತೋ ಅದನ್ನು ಆ ಜನ ಅನುಭವಿಸಿದರು.

ಧರ್ಮಸಂಸ್ಥೆಗಳ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಕಾನೂನು ಯಾವ ಧರ್ಮಸಂಸ್ಥೆಯನ್ನೂ ಬಲವಂತಪಡಿಸದು. ಅಲ್ಲಿನ ಅಧಿಕೃತ ಚರ್ಚಿಗಂತೂ ಇಂಥ ವಿವಾಹ ನೆರವೇರಿಸಲು ಅವಕಾಶವನ್ನೇ ಕೊಟ್ಟಿಲ್ಲ. ಡೆನ್ಮಾರ್ಕಿನಲ್ಲಿ 2012ರಿಂದ ರಾಷ್ಟ್ರೀಯ ಚರ್ಚು ಇಂಥ ವಿವಾಹಕ್ಕೆ ಅವಕಾಶ ಕಲ್ಪಿಸಬೇಕು, ಆದರೆ ಒಪ್ಪದ ಪಾದ್ರಿ ಹಿಂದೆ ಸರಿಯಬಹುದು.

ನಮ್ಮ ದೇಶದ ನಿಲುವು

ಮೊದಲ ಪ್ರಶ್ನೆಗೆ ಭಾರತದಲ್ಲಿ ಸ್ಪಷ್ಟ ಉತ್ತರ ದೊರೆತಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸರ್ವಾನುಮತದಿಂದ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 377ನೇ ಕಲಮೇ ಇಲ್ಲ. ಆದುದರಿಂದ, ಪೊಲೀಸರಿಗೆ ಹಿಡಿದುಕೊಡುತ್ತೇವೆಂದು ಇಂಥವರನ್ನು ಯಾರಾದರೂ ಬೆದರಿಸಿದರೆ ಆ ಬೆದರಿಕೆಗೆ ಕಾನೂನಿನ ಆಧಾರವಿಲ್ಲ.

ಎರಡನೆಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟವರಲ್ಲಿ ಮೊದಲಿಗರು ನಮ್ಮ ಹೆದ್ದಾರಿಯ ಆ ತುದಿಯಲ್ಲಿರುವ ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್. 1954ರ ವಿಶೇಷ ವಿವಾಹ ಕಾಯ್ದೆಯಡಿ ತಮಗೂ ಅವಕಾಶ ಬೇಕೆಂಬುದು ಅವರ ಕೋರಿಕೆಯಾಗಿತ್ತು. 2023ರ ಅಕ್ಟೋಬರ್ 17ರಂದು ಬಂದ ತೀರ್ಪಿನಲ್ಲಿ ಐವರೂ ನ್ಯಾಯಮೂರ್ತಿಗಳು, ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, ಕಾಯ್ದೆಯನ್ನು ತಿದ್ದುವುದು ಶಾಸನಸಭೆಯ ಕೆಲಸ ಎಂದರು. ಮದುವೆಯೆಂದು ಕರೆಯದೆ ಬೇರೆ ರೂಪದ ಮಾನ್ಯತೆಯನ್ನಾದರೂ ಕೊಡಬೇಕೇ ಎಂಬಲ್ಲಿ ಅಭಿಪ್ರಾಯ ಒಡೆಯಿತು: ಇಬ್ಬರು ಹೌದೆಂದರು, ಮೂವರು ಅಲ್ಲವೆಂದರು. ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಯು ಗಂಡು–ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಡಿಯಲ್ಲೇ ಮದುವೆಯಾಗಬಹುದೆಂಬುದನ್ನು ಎಲ್ಲರೂ ಒಪ್ಪಿದರು. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾಗೊಂಡವು.

ತೀರ್ಪು ಅಲ್ಲಿಗೇ ನಿಲ್ಲಲಿಲ್ಲ. ಇಂಥ ಜೋಡಿಗಳ ದೈನಂದಿನ ತೊಡಕುಗಳನ್ನು ಪರಿಶೀಲಿಸಲು ಕೇಂದ್ರವು 2024ರ ಏಪ್ರಿಲಿನಲ್ಲಿ ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿಯೆಂದು ಸೂಚಿಸಲು ಅಡ್ಡಿಯಿಲ್ಲವೆಂದೂ, ಪಡಿತರ ಚೀಟಿಗಾಗಿ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದೂ ಅದೇ ವರ್ಷ ಸೂಚನೆಗಳು ಹೊರಟವು.

ನಮ್ಮ ಸಮಾಜಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ. 1955ರ ಹಿಂದೂ ವಿವಾಹ ಕಾಯ್ದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಬರುತ್ತವೆ. ನಮ್ಮ ಧಾರ್ಮಿಕ ಅಸ್ಮಿತೆಯ ಚರ್ಚೆ ಏನೇ ಇರಲಿ, ನಮ್ಮ ಮದುವೆಗಳು ಇಂದು ನಡೆಯುವುದು ಈ ಕಾಯ್ದೆಯಡಿ. ಇದರಲ್ಲಿ ವರನಿಗೆ 21, ವಧುವಿಗೆ 18 ಎಂದು ವಯಸ್ಸನ್ನು ಗೊತ್ತುಪಡಿಸಲಾಗಿದೆ. ಎಂದರೆ ಕಾನೂನಿನ ಕಣ್ಣಿನಲ್ಲಿರುವುದು ಗಂಡು–ಹೆಣ್ಣಿನ ಮದುವೆ. ಹಾಗಾಗಿ ನೆದರ್ಲೆಂಡ್ಸಿನಲ್ಲೋ ಅಮೆರಿಕದಲ್ಲೋ ಇಂಥ ವಿವಾಹವಾದ ನಮ್ಮ ಹುಡುಗನೊಬ್ಬ ಹುಮನಾಬಾದಿಗೆ ಮರಳಿದರೆ, ಅಲ್ಲಿನ ವಿವಾಹಪತ್ರ ಇಲ್ಲಿ ಅವನನ್ನು ವಿವಾಹಿತನನ್ನಾಗಿಸದು. ಅವನು ಉಯಿಲು ಬರೆಯದೆ ತೀರಿಕೊಂಡರೆ, ಸಂಗಾತಿಗೆ ಉತ್ತರಾಧಿಕಾರದಲ್ಲಿ ಪಾಲಿಲ್ಲ. ನಾಮಿನಿಯಾದವನು ಹಣವನ್ನು ಪಡೆದುಕೊಳ್ಳಬಹುದೇ ಹೊರತು ಅಷ್ಟರಿಂದಲೇ ಅದರ ಒಡೆಯನಾಗುವುದಿಲ್ಲ. ಸ್ಪಷ್ಟವಾಗಿ ಬರೆದ ಉಯಿಲೇ ಇಲ್ಲಿ ದೃಢವಾದ ಆಸರೆ.

ಕಲ್ಯಾಣ ಏನನ್ನು ಕಲಿಸುತ್ತದೆ?

ಮದುವೆಯೊಂದರ ಕಾರಣದಿಂದ ಒಂದು ರಾಜ್ಯವೇ ಅಲುಗಾಡಿದ ನೆಲ ನಮ್ಮದು. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳು ಲಾವಣ್ಯಳಿಗೂ ಶರಣರ ಒಪ್ಪಿಗೆಯಿಂದ ಸಂಬಂಧ ಕುದುರಿತು. ಅದು ಮದುವೆಯೇ ಅಲ್ಲ, ವರ್ಣಸಂಕರವೆಂದು ಬಿಜ್ಜಳನ ಆಸ್ಥಾನದಲ್ಲಿ ದೂರು ಹೋಯಿತು. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಸ್ಮರಿಸುತ್ತದೆ. ಶರಣರು ಚದುರಿದರು, ಚನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ಉಳವಿಯತ್ತ ನಡೆದರು. ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿಯ ಮುಂದೆ ನಿಂತಾಗ ನಾವು ಈ ನೋವಿಗೆ ತಲೆಬಾಗುತ್ತೇವೆ.

ಇಲ್ಲಿ ನಾವು ಎಚ್ಚರದಿಂದ ಮಾತನಾಡಬೇಕು. ಶರಣರು ನೆರವೇರಿಸಿದ್ದು ಗಂಡು–ಹೆಣ್ಣಿನ ವಿವಾಹ. ಅವರು ಮುರಿದದ್ದು ಜಾತಿಯ ಗೋಡೆಯನ್ನು. ಸಲಿಂಗ ವಿವಾಹವನ್ನು ಅವರು ಬೆಂಬಲಿಸಿದ್ದರೆಂದು ಹೇಳುವುದೂ ಖಂಡಿಸಿದ್ದರೆಂದು ಹೇಳುವುದೂ ಅವರ ಬಾಯಲ್ಲಿ ನಮ್ಮ ಮಾತನ್ನು ತುರುಕಿದಂತೆ. ಶರಣಸತಿ–ಲಿಂಗಪತಿ ಭಾವದಲ್ಲಿ ಗಂಡಸೂ ಸತಿಯಾಗುವನು, ನಿಜ. ಅದು ಅನುಭಾವದ ನುಡಿ, ಕಾಯ್ದೆಯ ಕಲಮಲ್ಲ. ಆತ್ಮಕ್ಕೆ ಹೆಣ್ಣು–ಗಂಡೆಂಬ ಭೇದವಿಲ್ಲವೆಂಬ ಶರಣರ ಅರಿವನ್ನೂ ವಕಾಲತ್ತಿಗೆ ಬಳಸುವುದು ಉಚಿತವಲ್ಲ.

ಹಾಗಾದರೆ ಕಲ್ಯಾಣ ಕಲಿಸುವುದೇನು? ಒಂದು ಮನೆಯವರು ಯಾರನ್ನು ತಮ್ಮವರೆಂದು ಒಪ್ಪಿಕೊಂಡರು ಎಂಬ ಕಾರಣಕ್ಕೆ ಅವರನ್ನು ದಂಡಿಸಬಾರದು, ಊರಿನಿಂದ ಅಟ್ಟಬಾರದು. ಹರಳಯ್ಯ–ಮಧುವರಸರನ್ನು ನೆನೆಯುವ ನಾವು ಇನ್ನೊಂದು ಮನೆಗೆ ಎಳೆಹೂಟೆ ಕಟ್ಟುವವರಾಗಬಾರದು. ಮೂರನೆಯ ಪ್ರಶ್ನೆ, ಅಂದರೆ ಧಾರ್ಮಿಕ ವಿಧಿಯ ಪ್ರಶ್ನೆ, ನಮ್ಮ ಸಮಾಜ ಅನುಭವ ಮಂಟಪದ ರೀತಿಯಲ್ಲಿ ಕುಳಿತು, ಹಿರಿಯರೂ ಕಿರಿಯರೂ ಮಾತನಾಡಿ ತೀರ್ಮಾನಿಸಬೇಕಾದದ್ದು. ಅದಕ್ಕೆ ಅವಸರವಿಲ್ಲ. ಆದರೆ ಮನೆಯೊಳಗಿನ ಪ್ರಶ್ನೆಗೆ ಅವಸರವುಂಟು.

ಮನೆಯೊಳಗಿನ ಪ್ರಶ್ನೆ

ಮಗನೋ ಮಗಳೋ ಒಂದು ಸಂಜೆ ತಂದೆತಾಯಿಯ ಮುಂದೆ ಕುಳಿತು ತನ್ನ ಮನಸ್ಸಿನ ಸತ್ಯವನ್ನು ಹೇಳಿಕೊಂಡರೆಂದು ಭಾವಿಸಿರಿ. ಆಗ ಹೆಚ್ಚಿನ ಮನೆಗಳಲ್ಲಿ ಹೊಳೆಯುವ ಪರಿಹಾರ ಒಂದೇ: ಬೇಗ ಒಂದು ಸಂಬಂಧ ನೋಡಿ ಮದುವೆ ಮಾಡಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ. ಸರಿಹೋಗುವುದಿಲ್ಲ. ಏನೂ ಅರಿಯದೆ ಹೊಸ್ತಿಲು ತುಳಿದು ಬಂದ ಸೊಸೆಯ ಬಾಳು ಮೊದಲು ಹಾಳಾಗುತ್ತದೆ. ಆಕೆಯ ತವರು ಮಾಡಿದ ಸಾಲ ಉಳಿಯುತ್ತದೆ. ಆಮೇಲೆ ಎರಡು ಬೀಗರ ಮನೆಗಳು ನ್ಯಾಯಾಲಯದ ಮೆಟ್ಟಿಲೇರುತ್ತವೆ. ಬಲವಂತದಿಂದಲೋ ವಂಚನೆಯಿಂದಲೋ ಒಪ್ಪಿಗೆ ಪಡೆದ ವಿವಾಹವನ್ನು ರದ್ದುಪಡಿಸಲು ಅದೇ 1955ರ ಕಾಯ್ದೆಯ 12ನೆಯ ಕಲಮು ಅವಕಾಶ ಕೊಡುತ್ತದೆ; ಬಲವಂತ ನಿಂತ ಅಥವಾ ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸಲಿಂಗ ವಿವಾಹದ ಬಗೆಗೆ ಯಾವ ಅಭಿಪ್ರಾಯವಿದ್ದರೂ, ಇನ್ನೊಬ್ಬರ ಮಗಳನ್ನು ಔಷಧಿಯಂತೆ ಬಳಸಿಕೊಳ್ಳುವುದು ಅಧರ್ಮವೆಂಬುದರಲ್ಲಿ ಎರಡು ಮಾತಿಲ್ಲ.

ಇನ್ನು ಕೆಲವರು ಮಕ್ಕಳನ್ನು ಚಿಕಿತ್ಸೆಗೆಂದು ಎಳೆದೊಯ್ಯುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಇದು ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ. ಇದನ್ನು ಬದಲಾಯಿಸುವುದಾಗಿ ಚಿಕಿತ್ಸೆ ನೀಡುವುದು ವೈದ್ಯವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ತಾಯಿತದ ಮೂಢನಂಬಿಕೆಯನ್ನಂತೂ ಶರಣರು ಎಂಟು ಶತಮಾನಗಳ ಹಿಂದೆಯೇ ತಿರಸ್ಕರಿಸಿದ್ದಾರೆ.

ಸದ್ಭಕ್ತರೇ, ಸಂಸತ್ತು ಮುಂದೆ ಕಾನೂನು ಮಾಡಬಹುದು, ಮಾಡದೆಯೂ ಇರಬಹುದು. ದೇಶದಿಂದ ದೇಶಕ್ಕೆ ಗಡಿಯ ಕಲ್ಲುಗಳು ಇನ್ನೂ ಎಷ್ಟೋ ಸಲ ಸರಿದಾವು. ಆದರೆ ನಮ್ಮ ಮಕ್ಕಳು ನಮ್ಮ ಹೊಸ್ತಿಲಿಗೆ ಹೆದರಿ ಊರಾಚೆ ನಿಲ್ಲುವಂತಾದರೆ, ಆ ಗಡಿಯನ್ನು ಹಾಕಿದವರು ನಾವೇ ಆಗುತ್ತೇವೆ. ಅಂಥ ಮಾತು ಮನೆಯಲ್ಲಿ ಬಂದ ದಿನ ಕೈ ಎತ್ತದೆ, ಕದ ಹಾಕದೆ, ಪೂರ್ತಿ ಕೇಳಿಸಿಕೊಳ್ಳಿರಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿರಿ. ಊಟದ ಪಂಕ್ತಿಯಲ್ಲಿ ಆ ಮಗುವಿನ ಎಲೆಯನ್ನು ಎಂದಿನ ಜಾಗದಲ್ಲೇ ಹಾಕಿರಿ.